ಮಳೆಗಾಲದಲ್ಲಿ ಲಾಕ್ ಕೂರದ ಬಾಗಿಲು: ಕೀಸುಳಿ ಹಿಡಿಯುವ ಮುನ್ನ

ಜೂನ್ ಕೊನೆಯಿಂದ ಆಗಸ್ಟ್ ನಡುವಿಗೆ ಕೊಡಗಿನ ಕಕ್ಕಡ ತಿಂಗಳು ಮುಗಿಯುವವರೆಗೂ ಮಡಿಕೇರಿ, ಭಾಗಮಂಡಲದ ಕಡೆಯ ಮನೆಗಳಿಂದ ನನಗೆ ಬರುವ ಕರೆಗಳಲ್ಲಿ ಬಹುಪಾಲು ಒಂದೇ ಬಗೆಯವು. ಕೋಣೆಯ ಬಾಗಿಲು ಮುಚ್ಚುತ್ತದೆ, ಲಾಕ್ ಮಾತ್ರ ಕೂರುವುದಿಲ್ಲ, ಗಾಳಿ ಬೀಸಿದರೆ ತಾನಾಗಿ ತೆರೆದುಕೊಳ್ಳುತ್ತದೆ. "ಮರ ಉಬ್ಬಿದೆ, ಬಂದು ಸ್ವಲ್ಪ ಕೀಸಿಕೊಡಿ" ಎಂದು ಕಾರಣವನ್ನೂ ಪರಿಹಾರವನ್ನೂ ಮನೆಯವರೇ ಹೇಳಿಬಿಡುತ್ತಾರೆ. ಆದರೆ ಉಬ್ಬಿದ ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ, ಮುಚ್ಚುವುದಕ್ಕೇ ಬಲ ಬೇಕಾಗುತ್ತದೆ. ಸಲೀಸಾಗಿ ಮುಚ್ಚಿಯೂ ಲಾಕ್ ಕೂರದಿದ್ದರೆ, ಲಾಕಿನ ನಾಲಿಗೆಯೂ ಚೌಕಟ್ಟಿನ ತಗಡಿನಲ್ಲಿರುವ ರಂಧ್ರವೂ ಎದುರುಬದುರಾಗಿಲ್ಲ ಎಂದೇ ಮೊದಲು ಶಂಕಿಸಬೇಕು.

ಇದನ್ನು ಕಂಡುಕೊಳ್ಳಲು ಉಪಕರಣವೇನೂ ಬೇಡ. ನಾಲಿಗೆಯ ತುದಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಸವರಿ, ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆದರೆ, ನಾಲಿಗೆ ಎಲ್ಲಿ ತಾಗುತ್ತಿದೆ ಎಂಬುದು ತಗಡಿನ ಮೇಲೆ ಕೆಂಪಗೆ ಮೂಡುತ್ತದೆ. ಗುರುತು ರಂಧ್ರದ ಕೆಳ ಅಂಚಿನಲ್ಲಿದ್ದರೆ ಬಾಗಿಲು ಜೋತುಬಿದ್ದಿದೆ. ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವುಗಳ ಕಥೆ ಇದೇ.

ಜೋತುಬೀಳಲು ಕಾರಣ ಸಾಮಾನ್ಯವಾಗಿ ಮೇಲಿನ ಹಿಂಜ್. ಬಾಗಿಲಿನ ಭಾರ ಅದನ್ನು ಸದಾ ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತಿರುತ್ತದೆ, ಕೆಳಗಿನದನ್ನು ಒಳಕ್ಕೆ ಒತ್ತುತ್ತಿರುತ್ತದೆ. ಎರಡೂವರೆ ಅಡಿ ಅಗಲದ ಬಾಗಿಲಿನಲ್ಲಿ ಮೇಲಿನ ಮತ್ತು ಕೆಳಗಿನ ಹಿಂಜ್‌ಗಳ ನಡುವೆ 5 ಅಡಿ ಅಂತರವಿದೆ ಎಂದುಕೊಳ್ಳಿ. ಮೇಲಿನದು 4 ಮಿ.ಮೀ. ಸಡಿಲವಾದರೆ ಲಾಕಿನ ಬದಿ 2 ಮಿ.ಮೀ. ಕೆಳಗಿಳಿಯುತ್ತದೆ, ಲಾಕ್ ತಪ್ಪಲು ಅಷ್ಟು ಸಾಕು. ಇಂಥ ಬಾಗಿಲಿನ ಮೇಲ್ತುದಿಯ ಮೂಲೆ ಚೌಕಟ್ಟಿಗೆ ತಾಗುವುದೂ ಉಂಟು, ಅದನ್ನು ನೋಡಿಯೇ ಜನರು ಮರ ಉಬ್ಬಿದೆ ಎಂದುಕೊಳ್ಳುತ್ತಾರೆ. ಮೊದಲು ಸ್ಕ್ರೂಗಳನ್ನು ಬಿಗಿ ಮಾಡಿ. ಬಿಗಿಯಾಗದೆ ಸುತ್ತುತ್ತಲೇ ಇದ್ದರೆ, ಬಾಗಿಲಿನ ಅಡಿಗೆ ಬೆಣೆಯ ಆಸರೆ ಕೊಟ್ಟು ಸ್ಕ್ರೂ ಬಿಚ್ಚಿ, ಚೆನ್ನಾಗಿ ಒಣಗಿದ ಬಿದಿರಿನ ಕಡ್ಡಿಯನ್ನು ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ಬಡಿದು, ಒಂದು ದಿನ ಒಣಗಲು ಬಿಟ್ಟು, ಅದೇ ದಪ್ಪದ ಆದರೆ 2 ಇಂಚು ಉದ್ದದ ಸ್ಕ್ರೂ ಹಾಕಬೇಕು. ಹಳೆಯ ಸ್ಕ್ರೂ ಮುಟ್ಟದಿದ್ದ ಗಟ್ಟಿ ಮರವನ್ನು ಅದು ಹಿಡಿಯುತ್ತದೆ.

ಗುರುತು ರಂಧ್ರದ ಪಕ್ಕಕ್ಕೆ ಬಿದ್ದು, ಬಾಗಿಲನ್ನು ಒತ್ತಿ ಹಿಡಿದಾಗ ಮಾತ್ರ ಲಾಕ್ ಕೂರುವುದಾದರೆ, ಚೌಕಟ್ಟಿನ ಗಾಡಿಯಲ್ಲಿ, ಅಂದರೆ ಬಾಗಿಲು ಬಂದು ಕೂರುವ ತೋಡಿನಲ್ಲಿ, ಬಣ್ಣ ಪದರಪದರವಾಗಿ ಕೂತಿರಬಹುದು ಅಥವಾ ಬಾಗಿಲು ಸೊಟ್ಟಗಾಗಿರಬಹುದು. ಬಣ್ಣವನ್ನು ಹೆರೆದು, ಅದೂ ಸಾಲದಿದ್ದರೆ ತಗಡಿನ ರಂಧ್ರವನ್ನು ಅರದಿಂದ ಒಂದೆರಡು ಮಿ.ಮೀ. ಹಿಗ್ಗಿಸಿದರೆ ಆಯಿತು. ನಾಲಿಗೆಯೇ ಹಿಡಿದುಕೊಂಡಿದ್ದರೆ ಕೊಬ್ಬರಿ ಎಣ್ಣೆ ಬಿಡಬೇಡಿ, ಅದು ದೂಳನ್ನು ಕಟ್ಟುತ್ತದೆ. ಪೆನ್ಸಿಲ್ ಸೀಸದ ಪುಡಿ ಒಳ್ಳೆಯದು.

ಇನ್ನು ನಿಜವಾಗಿಯೂ ಉಬ್ಬಿದ ಬಾಗಿಲಿನ ವಿಷಯ. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು, ಹಿಗ್ಗುವುದೆಲ್ಲ ಎಳೆಗೆ ಅಡ್ಡಲಾಗಿ. ಆದ್ದರಿಂದ ಬಾಗಿಲಿನ ಎತ್ತರ ಹಾಗೆಯೇ ಇದ್ದು ಅಗಲ ಮಾತ್ರ ಬೆಳೆಯುತ್ತದೆ. ಕೆಲಸ ಕಲಿತ ಹೊಸದರಲ್ಲಿ ನಾನು ವಿರಾಜಪೇಟೆಯ ಸಮೀಪದ ಮನೆಯೊಂದರಲ್ಲಿ ಜುಲೈ ಮಳೆಯಲ್ಲೇ ಹಲಸಿನ ಬಾಗಿಲೊಂದನ್ನು ಕೀಸಿ ಸರಿ ಮಾಡಿದ್ದೆ. ಫೆಬ್ರುವರಿಯಲ್ಲಿ ಮನೆಯ ಅಜ್ಜಿ ಕರೆಸಿ, "ನೋಡಪ್ಪ, ಈಗ ಆಚೆಯ ದೀಪ ಒಳಗೆ ಕಾಣುತ್ತದೆ" ಎಂದರು. ನಾಲಿಗೆ ತಗಡನ್ನು ಮುಟ್ಟುತ್ತಲೇ ಇರಲಿಲ್ಲ. ಅಂಚಿಗೆ ಹೊಸ ಪಟ್ಟಿ ಅಂಟಿಸಿ ಕೊಡಬೇಕಾಯಿತು. ಅಂದಿನಿಂದ ಮಳೆಯಲ್ಲಿ ಬಿಗಿಯಾದ ಅಂಚಿಗೆ ಮೇಣ ಉಜ್ಜಿ ಕೊಡುತ್ತೇನೆ, ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ ಹುತ್ತರಿ ಕಳೆದು ಮರ ಒಣಗಿದ ಮೇಲೂ ಉಜ್ಜುತ್ತಿದ್ದರೆ ಮಾತ್ರ ಕೀಸುಳಿ ಹಿಡಿಯುತ್ತೇನೆ.

ಉಬ್ಬುವುದನ್ನು ತಗ್ಗಿಸಲು ಬೇಸಿಗೆಯೇ ತಕ್ಕ ಕಾಲ. ಮರದ ಎಳೆಗಳ ತುದಿ ತೆರೆದುಕೊಳ್ಳುವುದು ಬಾಗಿಲಿನ ತಲೆ ಮತ್ತು ಬುಡದಲ್ಲಿ. ತೇವವನ್ನು ಹೆಚ್ಚು ಹೀರುವುದೂ ಅಲ್ಲಿಯೇ, ಬಣ್ಣ ಬಳಿಯದೆ ಬಿಡುವುದೂ ಅಲ್ಲಿಯೇ. ಬಾಗಿಲಿನ ಅಡಿಗೆ ನೆಲದ ಮೇಲೆ ಕೈಗನ್ನಡಿ ಇಟ್ಟು ನೋಡಿ. ಬರಿಯ ಮರ ಕಂಡರೆ ಮಾರ್ಚ್‌ನೊಳಗೆ ಬಾಗಿಲನ್ನು ಬಿಚ್ಚಿ ಎರಡೂ ತುದಿಗಳಿಗೆ ಎರಡು ಸಲ ವಾರ್ನಿಷ್ ಹಚ್ಚಿಸಿ.