ಕೆಟ್ಟ ಸುದ್ದಿ ಬೇಗ ತಲುಪುವ ಕಚೇರಿ

ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಲೆಕ್ಕ ನೋಡುತ್ತಿದ್ದರು. ಒಗ್ಗಟ್ಟಿರುವ, ಮೇಲಿನವರ ಮೇಲೆ ವಿಶ್ವಾಸವಿರುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂದು ಅವರು ಊಹಿಸಿದ್ದರು. ಆದರೆ ಒಳ್ಳೆಯ ತಂಡಗಳ ಲೆಕ್ಕದಲ್ಲೇ ಹೆಚ್ಚು ತಪ್ಪುಗಳಿದ್ದವು. ಅಂಕಿ ಅಂಶಗಳಲ್ಲಿ ಏನೋ ಎಡವಟ್ಟಾಗಿರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಎಡ್ಮಂಡ್ಸನ್ ಈ ಫಲಿತಾಂಶವನ್ನು ತಿಳಿಸದೆ ಇನ್ನೊಬ್ಬ ಸಂಶೋಧಕನನ್ನು ಆ ವಿಭಾಗಗಳಿಗೆ ಕಳುಹಿಸಿದರು. ಕೆಲವು ಕಡೆ ದಾದಿಯರು ತಮ್ಮ ತಪ್ಪುಗಳ ಬಗ್ಗೆ ಸಹಜವಾಗಿ ಮಾತನಾಡುತ್ತಿದ್ದರು, ಕೆಲವು ಕಡೆ ತಪ್ಪು ಬಾಯಿಬಿಟ್ಟರೆ ಕಟಕಟೆಯಲ್ಲಿ ನಿಲ್ಲಿಸಿದಂತಾಗುತ್ತದೆ ಎಂದು ಹೆದರಿ ಸುಮ್ಮನಿರುತ್ತಿದ್ದರು. ಒಳ್ಳೆಯ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂದು ಆ ಲೆಕ್ಕದಿಂದ ಹೇಳುವಂತಿರಲಿಲ್ಲ. ಅವು ತಪ್ಪನ್ನು ಮುಚ್ಚಿಡುತ್ತಿರಲಿಲ್ಲ, ಅಷ್ಟೇ. 1996ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಮ್ಮ ಕರಾವಳಿಯಲ್ಲಿ ಕೂತು ಓದುವಾಗ ಅದು ದೂರದ ಸಂಗತಿ ಎಂದು ನನಗೆ ಅನಿಸುವುದಿಲ್ಲ.

ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಹೆಂಚಿನ ಕಾರ್ಖಾನೆ, ಗೇರುಬೀಜದ ಕಾರ್ಖಾನೆ, ಹೋಟೆಲು, ಬಂದರು, ಈಗ ಸಾಫ್ಟ್‌ವೇರ್ ಕಚೇರಿಗಳು, ಹೀಗೆ ಸಂಸ್ಥೆ ಕಟ್ಟುವುದರಲ್ಲಿ ನಮ್ಮವರು ಎತ್ತಿದ ಕೈ. ದುಡಿಮೆ, ಶಿಸ್ತು, ಲೆಕ್ಕದಲ್ಲಿ ಚೊಕ್ಕತನ ನಮ್ಮ ಹೆಮ್ಮೆ. ಆದರೆ ಇದರ ಜೊತೆಗೇ ಇನ್ನೊಂದು ಅಭ್ಯಾಸವೂ ಬೆಳೆದಿದೆ. ಹಿರಿಯರ ಎದುರು ಬಾಯಿ ತೆರೆಯದಿರುವುದನ್ನು ನಾವು ಮರ್ಯಾದೆ ಎಂದು ಕರೆಯುತ್ತೇವೆ. ಧಣಿಗಳು ಕೇಳಿದರೆ ‘ಎಲ್ಲ ಸರಿಯಿದೆ’ ಎನ್ನುವುದೇ ಸಭ್ಯತೆ. ಹಾಗಾಗಿ ಇಲ್ಲಿ ಒಳ್ಳೆಯ ವಾತಾವರಣ ಕಟ್ಟಬೇಕೆನ್ನುವ ಮ್ಯಾನೇಜರ್ ಹುಟ್ಟುಹಬ್ಬದ ಕೇಕು, ಗೋಡೆಯ ಮೇಲಿನ ಘೋಷವಾಕ್ಯಗಳಿಂದ ಶುರುಮಾಡಿದರೆ ಏನೂ ಆಗುವುದಿಲ್ಲ. ಕೆಟ್ಟ ಸುದ್ದಿ ತನ್ನ ಕಿವಿಗೆ ಬಿದ್ದ ಕೂಡಲೇ ತಾನು ಹೇಗೆ ನಡೆದುಕೊಳ್ಳುತ್ತೇನೆ ಎಂಬುದನ್ನು ಅವರು ಮೊದಲು ಗಮನಿಸಬೇಕು. ವಾತಾವರಣದ ಬಹುಪಾಲು ಅಲ್ಲೇ ನಿರ್ಧಾರವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಸಂಬಂಧಿಕರೊಬ್ಬರ ಜೊತೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಕುಳಿತಿದ್ದಾಗ ಇದನ್ನು ಹತ್ತಿರದಿಂದ ಕಂಡೆ. ಸಂಜೆ ಡ್ಯೂಟಿ ಬದಲಾಗುವ ಹೊತ್ತು. ವಯಸ್ಸಿನಲ್ಲಿ ತೀರ ಚಿಕ್ಕವಳಾದ ದಾದಿಯೊಬ್ಬಳು ಕೇಸ್ ಶೀಟನ್ನು ಎದೆಗವಚಿಕೊಂಡು ಮುಖ್ಯ ದಾದಿಯ ಬಳಿ ಬಂದು, ‘ಸಿಸ್ಟರ್, ಹನ್ನೊಂದನೇ ಬೆಡ್ಡಿನವರಿಗೆ ಎರಡು ಗಂಟೆಗೆ ಕೊಡಬೇಕಾಗಿದ್ದ ಇಂಜೆಕ್ಷನ್ ಕೊಟ್ಟದ್ದು ಮೂರೂವರೆಗೆ’ ಎಂದಳು. ಕೊನೆಯ ಪದಕ್ಕೆ ಬರುವಷ್ಟರಲ್ಲಿ ಅವಳ ದನಿ ಅಡಗಿತ್ತು. ಮುಖ್ಯ ದಾದಿ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು ಅವಳ ಕಡೆ ತಿರುಗಿದರು. ‘ಹೇಳಿದ್ದು ಒಳ್ಳೆಯದಾಯಿತು. ಡಾಕ್ಟರಿಗೆ ಈಗಲೇ ತಿಳಿಸೋಣ. ತಡವಾದದ್ದು ಯಾಕೆ?’ ಎಂದರು. ಔಷಧಿ ಕೆಳಗಿನ ಫಾರ್ಮಸಿಯಿಂದ ಮೇಲೆ ಬಂದಿರಲಿಲ್ಲ. ಊಟದ ಹೊತ್ತಿನಲ್ಲಿ ಅಲ್ಲಿ ಒಬ್ಬನೇ ಇರುತ್ತಾನೆ, ಹೊರರೋಗಿಗಳ ಸಾಲು ಕರಗುವ ತನಕ ವಾರ್ಡಿನ ಚೀಟಿಗಳು ಹಾಗೇ ಬಿದ್ದಿರುತ್ತವೆ. ಮಾರನೆಯ ದಿನದಿಂದ ವಾರ್ಡಿನ ಔಷಧಿಗಳನ್ನು ಊಟದ ಹೊತ್ತಿಗೆ ಮುಂಚೆಯೇ ತರಿಸುವ ಏರ್ಪಾಡಾಯಿತು.

ಆಕೆ ಗದರಿದ್ದರೆ ಏನಾಗುತ್ತಿತ್ತು? ಆ ಹುಡುಗಿ ಅತ್ತು ಸುಮ್ಮನಾಗುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಉಳಿದ ದಾದಿಯರು ಮುಂದಿನ ಸಲ ಶೀಟಿನಲ್ಲಿ ‘ಎರಡು ಗಂಟೆ’ ಎಂದೇ ಬರೆಯುತ್ತಿದ್ದರು. ಫಾರ್ಮಸಿಯ ತೊಡಕು ಯಾರ ಕಣ್ಣಿಗೂ ಬೀಳದೆ ಉಳಿಯುತ್ತಿತ್ತು. ಬೈಗುಳದ ಪರಿಣಾಮ ಬೈಸಿಕೊಂಡವರಷ್ಟಕ್ಕೇ ನಿಲ್ಲುವುದಿಲ್ಲ, ಕೇಳಿಸಿಕೊಂಡ ಎಲ್ಲರಿಗೂ ಅದು ಪಾಠವಾಗುತ್ತದೆ.

ಬೈಗುಳ ನೋವು ಕೊಡುತ್ತದೆ ಎಂಬುದಕ್ಕೆ ವಿಜ್ಞಾನ ಬೇಕಾಗಿಲ್ಲ. ಅದು ಕೈಯ ಕೆಲಸವನ್ನೂ ಕೆಡಿಸುತ್ತದೆ ಎಂಬುದನ್ನು ಮಾತ್ರ ಸಂಶೋಧಕರು ತೋರಿಸಬೇಕಾಯಿತು. 2015ರಲ್ಲಿ ಪ್ರಕಟವಾದ ಇಸ್ರೇಲಿನ ಪ್ರಯೋಗವೊಂದರಲ್ಲಿ ನವಜಾತ ಶಿಶುಗಳ ತೀವ್ರನಿಗಾ ಘಟಕಗಳ 24 ತಂಡಗಳು ಪಾಲ್ಗೊಂಡವು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕರುಳಿನ ಕಾಯಿಲೆಯನ್ನು ಗುರುತಿಸಿ ಚಿಕಿತ್ಸೆ ಕೊಡುವ ಅಣಕು ಅಭ್ಯಾಸ ಅದು. ಅರ್ಧದಷ್ಟು ತಂಡಗಳಿಗೆ ವಿದೇಶಿ ತಜ್ಞರೊಬ್ಬರಿಂದ ಆ ದೇಶದ ವೈದ್ಯಕೀಯ ಗುಣಮಟ್ಟವನ್ನು ಹೀಗಳೆಯುವ ಮಾತು ಕೇಳಿಸಿದರು. ಉಳಿದವರು ಕೇಳಿದ್ದು ಸಾಮಾನ್ಯ ಮಾತು. ಹೀಗಳೆಸಿಕೊಂಡ ತಂಡಗಳು ಕಾಯಿಲೆ ಗುರುತಿಸುವುದರಲ್ಲೂ ಚಿಕಿತ್ಸೆಯ ಕ್ರಮಗಳಲ್ಲೂ ಹಿಂದೆ ಬಿದ್ದವು. ಆ ತಂಡಗಳಲ್ಲಿ ವೈದ್ಯರೂ ದಾದಿಯರೂ ಒಬ್ಬರಿಗೊಬ್ಬರು ಮಾಹಿತಿ ಹೇಳುವುದು ಮತ್ತು ನೆರವು ಕೇಳುವುದು ಕಡಿಮೆಯಾಗಿತ್ತು. ಅವಮಾನವಾದಾಗ ಮನಸ್ಸಿನ ಒಂದು ಪಾಲು ಅದನ್ನೇ ಮೆಲುಕು ಹಾಕುತ್ತಿರುತ್ತದೆ. ಒಂದೇ ಹೊತ್ತಿಗೆ ಹಲವು ಸಂಗತಿಗಳನ್ನು ನೆನಪಿನಲ್ಲಿ ಹಿಡಿದು ಯೋಚಿಸುವ ನಮ್ಮ ಶಕ್ತಿಗೆ ಮಿತಿಯಿದೆ. ಆ ಜಾಗವನ್ನು ಅವಮಾನ ಕಬಳಿಸಿದರೆ ಎದುರಿಗಿರುವ ಕೆಲಸಕ್ಕೆ ಉಳಿಯುವುದು ಅಷ್ಟಿಷ್ಟೇ.

ಹಾಗೆಂದು ಎಲ್ಲವನ್ನೂ ಅವರವರ ಪಾಡಿಗೆ ಬಿಟ್ಟುಬಿಡುವುದು ಒಳ್ಳೆಯ ನಾಯಕತ್ವವೇ? ಅಲ್ಲ ಎಂಬ ಉತ್ತರ 1939ರಷ್ಟು ಹಿಂದೆಯೇ ಸಿಕ್ಕಿದೆ. ನಾಜಿಗಳು ಅಧಿಕಾರಕ್ಕೆ ಬಂದಾಗ ಜರ್ಮನಿ ಬಿಟ್ಟು ಅಮೆರಿಕಕ್ಕೆ ಬಂದ ಯಹೂದಿ ಮನೋವಿಜ್ಞಾನಿ ಕರ್ಟ್ ಲೆವಿನ್, ತನ್ನ ಜೊತೆಗಾರರಾದ ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಜೊತೆ ಸೇರಿ ಅಯೋವಾದಲ್ಲಿ ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳನ್ನು ಅಧ್ಯಯನ ಮಾಡಿದ. ಮುಖವಾಡ ಮಾಡುವಂತಹ ಕರಕುಶಲ ಕೆಲಸಗಳನ್ನು ಹುಡುಗರು ಮಾಡುತ್ತಿದ್ದರು. ಒಂದು ರೀತಿಯ ನಾಯಕ ಎಲ್ಲವನ್ನೂ ತಾನೇ ಅಪ್ಪಣೆ ಮಾಡುತ್ತಿದ್ದ. ಇನ್ನೊಬ್ಬ ಹುಡುಗರ ಜೊತೆ ಚರ್ಚಿಸಿ ನಿರ್ಧರಿಸುತ್ತಿದ್ದ. ಮೂರನೆಯವನು ಏನನ್ನೂ ಹೇಳದೆ ಬಿಟ್ಟುಬಿಡುತ್ತಿದ್ದ. ಅಪ್ಪಣೆಯ ಗುಂಪುಗಳಲ್ಲಿ ಕೆಲವು ಕಡೆ ಹುಡುಗರು ಪರಸ್ಪರ ಜಗಳಕ್ಕೆ ಬಿದ್ದರೆ ಕೆಲವು ಕಡೆ ಪೂರ್ತಿ ಮಂಕಾದರು. ನಾಯಕ ಕೋಣೆಯಿಂದ ಹೊರಗೆ ಹೋದದ್ದೇ ತಡ, ಕೆಲಸ ಕುಸಿಯುತ್ತಿತ್ತು. ಚರ್ಚೆಯ ಗುಂಪಿನಲ್ಲಿ ನಾಯಕ ಇರಲಿ ಬಿಡಲಿ, ಕೆಲಸ ಹೆಚ್ಚು ಕಡಿಮೆ ಒಂದೇ ತೆರನಾಗಿ ಸಾಗುತ್ತಿತ್ತು. ಬಿಟ್ಟುಬಿಟ್ಟ ಗುಂಪಿನಲ್ಲಿ ಕೆಲಸವೂ ಇಲ್ಲ, ಸಂತೋಷವೂ ಅಷ್ಟಕ್ಕಷ್ಟೇ. ಗುಂಪಿನ ‘ಸಾಮಾಜಿಕ ಹವೆ’ ಎಂಬ ಮಾತು ಸಂಶೋಧನೆಯಲ್ಲಿ ಬೇರೂರಿದ್ದು ಈ ಪ್ರಯೋಗದಿಂದಲೇ. ಸಲುಗೆಯೊಂದೇ ಸಾಲದು, ಕೆಲಸದ ಮಟ್ಟವೂ ಬೇಕು ಎಂದು ಎಡ್ಮಂಡ್ಸನ್ ಇಂದಿಗೂ ಒತ್ತಿ ಹೇಳುತ್ತಾರೆ. ಆ ಮುಖ್ಯ ದಾದಿ ಇಂಜೆಕ್ಷನ್ ತಡವಾದದ್ದನ್ನು ಹೋಗಲಿ ಬಿಡು ಎನ್ನಲಿಲ್ಲ, ವೈದ್ಯರಿಗೆ ತಿಳಿಸಿಯೇ ತೀರಿದರು.

ನಮ್ಮೂರಿನ ಕಚೇರಿಗಳಿಗೆ ವಿಶೇಷವಾದ ಇನ್ನೊಂದು ವಿಷಯವಿದೆ, ಅದು ಭಾಷೆ. ಮಂಗಳೂರಿನಲ್ಲಿ ಒಂದೇ ಮೇಜಿನ ಸುತ್ತ ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡ ಓಡಾಡುತ್ತವೆ. ಇದು ನಮ್ಮ ಸಂಪತ್ತು, ನಾನು ಅದನ್ನು ತುಂಬಾ ಪ್ರೀತಿಸುತ್ತೇನೆ. ಆದರೆ ಬಾಗಲಕೋಟೆಯಿಂದಲೋ ರಾಯಚೂರಿನಿಂದಲೋ ಬಂದು ಸೇರಿದ ಹುಡುಗನೊಬ್ಬನ ಜಾಗದಲ್ಲಿ ಕುಳಿತು ನೋಡಿ. ಸಭೆ ಕನ್ನಡದಲ್ಲಿ ಆರಂಭವಾಗುತ್ತದೆ. ಮಾತು ಬಿಸಿಯೇರಿದ ಕೂಡಲೇ ತುಳುವಿಗೆ ಜಾರುತ್ತದೆ. ಎಲ್ಲರೂ ಒಮ್ಮೆ ನಗುತ್ತಾರೆ. ಆತನೂ ಅರ್ಥವಾಗದಿದ್ದರೂ ನಗುತ್ತಾನೆ. ‘ಘಟ್ಟದ ಮೇಲಿನವರು’ ಎಂದು ನಾವು ಕರೆಯುವ ಇವರಿಗೆ ಯಾರೂ ಕೇಡು ಬಗೆದಿರುವುದಿಲ್ಲ. ಆದರೂ ನಿಜವಾದ ನಿರ್ಧಾರಗಳು ತನಗೆ ತಿಳಿಯದ ಭಾಷೆಯಲ್ಲಿ ಆಗುತ್ತವೆ ಎಂದು ಕಂಡುಕೊಂಡವನು ಕ್ರಮೇಣ ಬಾಯಿ ಮುಚ್ಚಿಕೊಳ್ಳುತ್ತಾನೆ. ಮಲ್ಪೆಯ ಆಳಸಮುದ್ರ ಬೋಟುಗಳಲ್ಲಿ ಇದು ಇನ್ನೂ ಗಂಭೀರ. ಒಡಿಶಾ, ಆಂಧ್ರದಿಂದ ಬಂದವರೂ ಅಲ್ಲಿ ದುಡಿಯುತ್ತಾರೆ, ದಡ ಬಿಟ್ಟರೆ ವಾರಗಟ್ಟಲೆ ಕಡಲಲ್ಲೇ. ಬೋಟಿನ ಹಿಂಭಾಗದಲ್ಲಿ ನೀರು ತುಂಬುತ್ತಿರುವುದನ್ನು ಮೊದಲು ಕಂಡವನು ಬೋಟು ನಡೆಸುವ ತಾಂಡೇಲನಿಗೆ ಹೇಳಲು ಭಾಷೆಗೋ ಬೈಗುಳಕ್ಕೋ ಹಿಂಜರಿದರೆ ಎಲ್ಲರ ಜೀವಕ್ಕೂ ಅಪಾಯ. ಸಭೆಯ ಮಾತು ತುಳುವಿಗೆ ತಿರುಗಿದಾಗ ಮೇಲಿನವರೇ ಅದನ್ನು ಕನ್ನಡಕ್ಕೆ ತರಬೇಕು, ನಗುವಿಗೆ ಕಾರಣವಾದ ಮಾತನ್ನೂ ಬಿಡದೆ ವಿವರಿಸಬೇಕು. ಕೆಳಗಿನವರಿಂದ ಇದು ಸಾಧ್ಯವಿಲ್ಲ.

ಮೇಲಿನವರ ಮನಃಸ್ಥಿತಿ ಅಂಟುವಂಥದ್ದು ಎಂಬುದನ್ನೂ ಇಲ್ಲಿ ಸೇರಿಸಬೇಕು. ಸಿಗಾಲ್ ಬಾರ್ಸೇಡ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗುಂಪಿನೊಳಗೆ ಸೇರಿಸಿದ್ದ ಒಬ್ಬ ನಟ ತೋರಿಸಿದ ಹುರುಪು ಅಥವಾ ಬೇಸರ ಉಳಿದವರಿಗೂ ಹರಡಿತು. ಹುರುಪು ಹರಡಿದ ಗುಂಪುಗಳಲ್ಲಿ ಸಹಕಾರ ಹೆಚ್ಚಿತ್ತು, ಜಗಳ ಕಡಿಮೆಯಿತ್ತು.

ಕಷ್ಟದ ಕಾಲದಲ್ಲಿ ನಾಯಕರ ಪರೀಕ್ಷೆ ಇನ್ನೂ ಕಠಿಣ. 1990ರಲ್ಲಿ ಜೆರಾಲ್ಡ್ ಗ್ರೀನ್‌ಬರ್ಗ್ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯವೆನಿಸುತ್ತದೆ. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ ತಾತ್ಕಾಲಿಕವಾಗಿ ಸಂಬಳವನ್ನು 15 ಪ್ರತಿಶತ ಕಡಿತ ಮಾಡಿದರು. ಒಂದರಲ್ಲಿ ಮೇಲಧಿಕಾರಿಗಳು ಎಲ್ಲರನ್ನೂ ಕೂರಿಸಿ, ಲೆಕ್ಕ ತೋರಿಸಿ, ವಿಷಾದ ಹೇಳಿ, ಪ್ರಶ್ನೆಗಳಿಗೆ ಸಾವಧಾನವಾಗಿ ಉತ್ತರಿಸಿದರು. ಇನ್ನೊಂದರಲ್ಲಿ ಸುದ್ದಿ ತಿಳಿಸಿ ಎದ್ದುಹೋದರು. ಕಡಿತದ ಅವಧಿಯಲ್ಲಿ ಕಾರ್ಖಾನೆಯ ಸಾಮಾನು ಕಳುವಾಗುವುದು ಎರಡೂ ಕಡೆ ಹೆಚ್ಚಿತು, ಆದರೆ ವಿವರಿಸಿ ಹೇಳಿದ ಕಡೆ ಗಮನಾರ್ಹವಾಗಿ ಕಡಿಮೆಯಿತ್ತು. ಕಡಿತ ಎರಡೂ ಕಡೆ ಒಂದೇ, ಹೇಳಿದ ರೀತಿ ಬೇರೆ. ಸಂಬಳ ತಡವಾದಾಗ ‘ಮುಂದಿನ ವಾರ ನೋಡೋಣ’ ಎಂದು ಜಾರಿಕೊಳ್ಳುವ ಮಾಲಕರು ಉಳಿಸಿಕೊಂಡ ಹತ್ತು ನಿಮಿಷಕ್ಕೆ ವರ್ಷಗಟ್ಟಲೆ ಬೆಲೆ ತೆರುತ್ತಾರೆ.

ತನ್ನ ದಿನದ ಮೇಲೆ ತನಗೆ ಹಿಡಿತವಿಲ್ಲದಿರುವುದು ಆರೋಗ್ಯವನ್ನೂ ತಿನ್ನುತ್ತದೆ. ಲಂಡನ್ನಿನಲ್ಲಿ 1985ರಲ್ಲಿ ಶುರುವಾದ ಎರಡನೇ ವೈಟ್‌ಹಾಲ್ ಅಧ್ಯಯನದಲ್ಲಿ 10,308 ಸರಕಾರಿ ನೌಕರರನ್ನು ವರ್ಷಗಳ ಕಾಲ ಗಮನಿಸಿದ ಮೈಕೆಲ್ ಮಾರ್ಮೋಟ್ ತಂಡ, ಕೆಲಸದಲ್ಲಿ ಸ್ವಾತಂತ್ರ್ಯ ಕಡಿಮೆಯಿರುವವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ಕಂಡಿತು. ದೊಡ್ಡ ಅಧಿಕಾರವನ್ನೇ ಹಂಚಬೇಕಾಗಿಲ್ಲ, ಡ್ಯೂಟಿ ಪಟ್ಟಿಯಿಂದಲೇ ತೊಡಗಬಹುದು. ಒಬ್ಬರಿಗೆ ಮನೆಯ ದೈವದ ನೇಮ, ಇನ್ನೊಬ್ಬರಿಗೆ ಸೆಪ್ಟೆಂಬರ್ 8ರಂದು ಇಲ್ಲಿನ ಕ್ರೈಸ್ತರು ಆಚರಿಸುವ ತೆನೆಹಬ್ಬ ಮೊಂತಿ ಫೆಸ್ತ್, ಮತ್ತೊಬ್ಬರಿಗೆ ಈದ್. ಯಾರಿಗೆ ಯಾವ ದಿನ ರಜೆ ಬೇಕೆಂಬುದನ್ನು ಸಿಬ್ಬಂದಿಯೇ ತಮ್ಮೊಳಗೆ ಕೂತು ಹೊಂದಿಸಿಕೊಂಡು ಪಟ್ಟಿ ಕೊಡಲಿ. ಮ್ಯಾನೇಜರ್ ಒಬ್ಬರೇ ಮೇಲಿನಿಂದ ಹಾಕುವ ಪಟ್ಟಿಗಿಂತ ಅದರಲ್ಲಿ ಗೊಣಗಾಟ ಕಡಿಮೆ.

ಮೇಲಿನವರೇ ಸಮಸ್ಯೆಯಾದಾಗ ಇವೆಲ್ಲ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಬೇರೆ ದಾರಿಗಳೂ ತೆರೆದಿರಬೇಕು. ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಚಿಕ್ಕ ಅಂಗಡಿ, ಕ್ಲಿನಿಕ್ಕುಗಳ ಮಹಿಳೆಯರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ಮಾಹಿತಿಯನ್ನು ಎಲ್ಲರೂ ಓದುವ ಕಡೆ ಅಂಟಿಸುವುದು ಮಾಲಕರ ಕರ್ತವ್ಯ.

ತಯಾರಿಕಾ ಕಂಪನಿಯೊಂದರ 51 ತಂಡಗಳ ಬಗ್ಗೆ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಡ್ಮಂಡ್ಸನ್ ಏಳು ವಾಕ್ಯಗಳ ಒಂದು ಪ್ರಶ್ನಾವಳಿ ಬಳಸಿದರು. ತಪ್ಪು ಮಾಡಿದರೆ ಅದನ್ನು ಇಲ್ಲಿ ನಿಮ್ಮ ಮೇಲೆ ಹೊರಿಸುತ್ತಾರೆಯೇ, ಕಷ್ಟದ ವಿಷಯಗಳನ್ನು ಎತ್ತಲು ಆಗುತ್ತದೆಯೇ, ನೆರವು ಕೇಳುವುದು ಕಷ್ಟವೇ ಎಂಬಂಥ ಸಂಗತಿಗಳು ಅದರಲ್ಲಿವೆ. ಉಡುಪಿಯ ಹೋಟೆಲಿಗೂ ಮಂಗಳೂರಿನ ಬ್ಯಾಂಕ್ ಶಾಖೆಗೂ ಇವು ಹೊಂದುತ್ತವೆ. ಹೆಸರು ಬರೆಯದ ಚೀಟಿಯಲ್ಲಿ ಉತ್ತರ ತೆಗೆದುಕೊಳ್ಳಿ. ಐದಾರು ಮಂದಿಯಷ್ಟೇ ಇರುವ ಕಡೆ ಕೈಬರಹವೇ ಗುಟ್ಟು ಬಿಟ್ಟುಕೊಡುತ್ತದೆ, ಹಾಗಾಗಿ ಬರೆಸುವ ಬದಲು ಹೌದು ಅಥವಾ ಇಲ್ಲ ಎಂಬುದಕ್ಕೆ ಗುರುತು ಹಾಕಿಸಿ, ಎಣಿಸುವ ಕೆಲಸವನ್ನು ಹೊರಗಿನ ಒಬ್ಬರಿಗೆ ವಹಿಸಿ. ಬಂದ ಉತ್ತರಗಳಲ್ಲಿ ಕೂಡಲೇ ಸರಿಪಡಿಸಬಹುದಾದ ಒಂದನ್ನು ಆರಿಸಿ, ಆ ವಾರವೇ ಸರಿಪಡಿಸಿ, ಯಾರ ದೂರಿನಿಂದ ಎಂದು ಹುಡುಕದೆ ಎಲ್ಲರಿಗೂ ತಿಳಿಸಿ. ಮೂರು ತಿಂಗಳ ಬಳಿಕ ಅದೇ ಚೀಟಿಯನ್ನು ಮತ್ತೊಮ್ಮೆ ಹಂಚಿ.