ಸೀಟಿನಿಂದ ಪಾಠದವರೆಗೆ: ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಸಮನ್ವಯ ಶಿಕ್ಷಣ

‘ಸಮನ್ವಯ ಶಿಕ್ಷಣ’ ಎಂಬ ಮಾತು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪದವಿ ಕಾಲೇಜುಗಳಿಗೆ ಹೊಸದಲ್ಲ. ಆದರೆ ಅದಕ್ಕೆ ಒಬ್ಬೊಬ್ಬರು ಕೊಡುವ ಅರ್ಥ ಒಂದೊಂದು. ಪ್ರವೇಶ ಸಮಿತಿಗೆ ಅದೆಂದರೆ ಮೀಸಲು ಸೀಟು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಗೆ ಸಿದ್ಧರಾಗುತ್ತಿರುವವರಿಗೆ ಕಟ್ಟಡದ ಮುಂದಿನ ರ‍್ಯಾಂಪ್. ಪರೀಕ್ಷಾ ವಿಭಾಗಕ್ಕೆ ಹೆಚ್ಚುವರಿ ಸಮಯ. ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾನೂನುಗಳ ಮೂಲಕ ಬಂದವು. ಒಂದೊಂದಾಗಿ ಬಿಡಿಸಿ ನೋಡಿದರೆ, ಕಾಲೇಜಿನ ಬಾಗಿಲು ತೆರೆದಷ್ಟು ಬೇಗ ಒಳಗಿನ ಪಾಠದ ಕ್ರಮ ಬದಲಾಗಲಿಲ್ಲವೆಂಬುದು ಕಾಣುತ್ತದೆ.

ಬಾಗಿಲು ತೆರೆದ ಕಥೆ ಹಳೆಯದು. ಚಿಕ್ಕಮಗಳೂರು ಇನ್ನೂ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ದಿನಗಳಲ್ಲಿ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಎರಡು ವರ್ಷಗಳ ನಂತರ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳ ಪಾಲನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಕವಾಯಿತು. 1951ರ ಮೊದಲ ತಿದ್ದುಪಡಿ ಹಿಂದುಳಿದ ವರ್ಗಗಳಿಗೆ ವಿಶೇಷ ಅವಕಾಶ ಕಲ್ಪಿಸಲು ಬಿಡುವ 15(4)ನೇ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿತು, 1975ರಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಕುರಿತು ಹಾವನೂರು ಆಯೋಗ ವರದಿ ಕೊಟ್ಟಿತು, ಮುಂದೆ ವೃತ್ತಿಪರ ಕೋರ್ಸುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಸೀಟುಗಳು ಮೀಸಲಾದವು. ಈ ಹೆಜ್ಜೆಗಳಿಲ್ಲದೆ ಇಂದಿನ ತರಗತಿಗಳೇ ಇರುತ್ತಿರಲಿಲ್ಲ. ಆದರೆ ಇವೆಲ್ಲವೂ ಯಾರು ಒಳಗೆ ಬರಬೇಕು ಎಂಬುದನ್ನು ತೀರ್ಮಾನಿಸಿದವೇ ಹೊರತು, ಬಂದವರಿಗೆ ಹೇಗೆ ಕಲಿಸಬೇಕು ಎಂಬುದನ್ನಲ್ಲ.

ಆ ಎರಡನೆಯ ಪ್ರಶ್ನೆಯನ್ನು ಭಾಷೆಯ ಕಡೆಯಿಂದ ಗಟ್ಟಿಯಾಗಿ ಎತ್ತಿದವರು ಕುವೆಂಪು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದಾಗ, ಪದವಿ ಮಟ್ಟದಲ್ಲೂ ಕನ್ನಡದಲ್ಲಿ ಕಲಿಸಬೇಕೆಂದು ಪಟ್ಟು ಹಿಡಿದರು. ಅದರ ಫಲ ಅರ್ಧಕ್ಕೆ ನಿಂತಿದೆ. ಕಲಾ ವಿಭಾಗದ ವಿದ್ಯಾರ್ಥಿ ಇಂದು ಕನ್ನಡದಲ್ಲಿ ಉತ್ತರ ಬರೆಯಬಲ್ಲ; ವಿಜ್ಞಾನದ ವಿದ್ಯಾರ್ಥಿನಿಗೆ ಆ ದಾರಿ ಬಹುಮಟ್ಟಿಗೆ ಇಲ್ಲ.

2000ದ ದಶಕದ ಕೊನೆಯ ಹೊತ್ತಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸಣ್ಣ ಊರುಗಳಿಗೂ ಬಂದ ಮೇಲೆ ತರಗತಿಯ ಚಿತ್ರವೇ ಬದಲಾಯಿತು. ಹಾಸನಕ್ಕೋ ಮೈಸೂರಿಗೋ ಕಳಿಸಲು ಒಪ್ಪದ ಮನೆಗಳ ಹೆಣ್ಣುಮಕ್ಕಳು ಊರಿನ ಬಸ್ಸಿನಲ್ಲೇ ಹೋಗಿ ಪದವಿ ಓದುವಂತಾಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಆ ಬಸ್ಸಿನ ಖರ್ಚನ್ನೂ ತೆಗೆದುಹಾಕಿತು. ಮೂಡಿಗೆರೆ, ಸಕಲೇಶಪುರದ ಕಡೆಯ ತೋಟಗಳ ಲೈನ್ ಮನೆಗಳಿಂದ, ಅಂದರೆ ಕೂಲಿಕಾರರ ಸಾಲು ಮನೆಗಳಿಂದ, ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಬಂದರು. ಅವರಲ್ಲಿ ಕೆಲವರಿಗೆ ಮನೆಯಲ್ಲಿ ತಮಿಳು ಅಥವಾ ತುಳು, ಶಾಲೆಯಲ್ಲಿ ಕನ್ನಡ, ಪದವಿಯ ಪುಸ್ತಕದಲ್ಲಿ ಇಂಗ್ಲಿಷ್. ಇಂಥ ವಿದ್ಯಾರ್ಥಿ ತರಗತಿಯಲ್ಲಿ ಸುಮ್ಮನೆ ಕುಳಿತರೆ ಅದನ್ನು ಆಸಕ್ತಿಯ ಕೊರತೆ ಎಂದು ಓದಿಕೊಳ್ಳುವುದು ಸುಲಭ. ಬೋಧಿಸಿದ ಅನುಭವವಿರುವವರಿಗೆ ಗೊತ್ತು: ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಇನ್ನೊಮ್ಮೆ ಕೇಳಿ ಅರೆಗಳಿಗೆ ಕಾದರೆ ಉತ್ತರ ಬರುತ್ತದೆ.

ಕಾಲೇಜಿನ ವರ್ಷವೂ ಇಲ್ಲಿನ ವರ್ಷಕ್ಕೆ ಹೊಂದುವುದಿಲ್ಲ. ಜುಲೈ, ಆಗಸ್ಟ್ ತಿಂಗಳ ಮಳೆಗೆ ಜಿಲ್ಲಾಡಳಿತ ರಜೆ ಸಾರಿದಾಗ ಅದು ಎಷ್ಟೋ ಬಾರಿ ಪಿಯು ಕಾಲೇಜಿಗೇ ಮುಗಿಯುತ್ತದೆ. ಗುಡ್ಡ ಜರಿದು ರಸ್ತೆ ಮುಚ್ಚಿರುವುದು ಮಾತ್ರ ಪದವಿಯವರಿಗೂ ಒಂದೇ. ನವೆಂಬರ್‌ನಿಂದ ಮಾರ್ಚ್‌ವರೆಗೆ, ಮೊದಲು ಅರೇಬಿಕಾ ಆಮೇಲೆ ರೊಬಸ್ಟಾ, ಕಾಫಿ ಕುಯ್ಲಿನ ಕಾಲ. ಮನೆಗೆ ಕೂಲಿ ಬರುವ ದಿನಗಳು ಅವೇ. ಪರೀಕ್ಷೆಗೆ ಕೂರಲು ಬೇಕಾದ ಶೇ 75 ಹಾಜರಾತಿಯನ್ನು ಈ ಎರಡು ಕಾಲಗಳ ನಡುವೆ ಕೂಡಿಸಿಕೊಳ್ಳಬೇಕು. ನಿಯಮದ ಉದ್ದೇಶ ಒಳ್ಳೆಯದೇ, ಆದರೆ ಅದು ಬಯಲುಸೀಮೆಯ ಪಟ್ಟಣದಲ್ಲಿರುವ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡಂತಿದೆ.

ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳ ವಿಷಯದಲ್ಲಿ ಈ ಅಂತರ ಇನ್ನೂ ಸ್ಪಷ್ಟ. 1995ರ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಲ್ಲಿ ಶೇ 3ರಷ್ಟು ಸೀಟು ಕೊಟ್ಟಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಅದನ್ನು ಶೇ 5ಕ್ಕೆ ಏರಿಸಿ, ಗುರುತಿಸುವ ವೈಕಲ್ಯಗಳ ಸಂಖ್ಯೆಯನ್ನು 7ರಿಂದ 21ಕ್ಕೆ ಹೆಚ್ಚಿಸಿತು. ಅದಕ್ಕಿಂತ ದೊಡ್ಡ ಮಾತು ಅದೇ ಕಾಯ್ದೆಯ ವ್ಯಾಖ್ಯಾನದಲ್ಲಿದೆ: ವೈಕಲ್ಯ ಉಳ್ಳವರೂ ಇಲ್ಲದವರೂ ಒಟ್ಟಿಗೆ ಕಲಿಯುವ, ಮತ್ತು ಬೋಧನೆ ಹಾಗೂ ಕಲಿಕೆಯ ಕ್ರಮವನ್ನೇ ಅವರವರ ಅಗತ್ಯಕ್ಕೆ ತಕ್ಕಂತೆ ಹೊಂದಿಸುವ ವ್ಯವಸ್ಥೆಯೇ ಸಮನ್ವಯ ಶಿಕ್ಷಣ. ಸೀಟಿನ ಸಂಖ್ಯೆ ಎಲ್ಲರಿಗೂ ಬಾಯಿಪಾಠವಾಗಿದೆ. ಈ ಸಾಲು ಆಗಿಲ್ಲ.

ಕಣ್ಣು ಕಾಣದ ಒಬ್ಬ ವಿದ್ಯಾರ್ಥಿಯ ದಿನವನ್ನು ನೋಡಿದರೆ ಇದು ತಿಳಿಯುತ್ತದೆ. ಅವನ ಮೊಬೈಲಿನಲ್ಲಿ ಕನ್ನಡವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇದೆ, ಅದಕ್ಕೆ ದುಡ್ಡೂ ಬೇಕಿಲ್ಲ. ಆದರೆ ವಾಟ್ಸ್ಆ್ಯಪ್ ಗುಂಪಿಗೆ ಬರುವ ನೋಟ್ಸ್ ಸಾಮಾನ್ಯವಾಗಿ ಕೈಬರಹದ ಹಾಳೆಯ ಫೋಟೊ. ಅದು ಅವನ ಫೋನಿಗೆ ಬರೀ ಚಿತ್ರ. ಟೈಪ್ ಮಾಡಿದ್ದರೂ ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಬಳಸಿದ್ದರೆ ಸ್ಕ್ರೀನ್ ರೀಡರ್ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಉದುರಿಸುತ್ತದೆ. ತರಗತಿಯಲ್ಲಿ ‘ಇದರಿಂದ ಇದು ಬರುತ್ತದೆ’ ಎಂದು ಬೋರ್ಡಿನತ್ತ ಕೈತೋರಿದರೆ ಆ ಎರಡು ‘ಇದು’ಗಳೂ ಅವನಿಗೆ ತಲುಪುವುದಿಲ್ಲ. ಬರೆದದ್ದನ್ನು ಬಾಯಲ್ಲೂ ಹೇಳುವುದಕ್ಕೆ, ನೋಟ್ಸನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡುವುದಕ್ಕೆ ಅನುದಾನ ಬೇಕಿಲ್ಲ, ರ‍್ಯಾಂಪಿಗೆ ಬೇಕು. ಆದರೂ ಮೊದಲು ಆದದ್ದು ರ‍್ಯಾಂಪ್, ಏಕೆಂದರೆ ಅದರ ಫೋಟೊ ತೆಗೆದು ಕಡತಕ್ಕೆ ಸೇರಿಸಬಹುದು.

ಪರೀಕ್ಷೆಯಲ್ಲಿ ನಿಯಮಗಳು ತಕ್ಕಮಟ್ಟಿಗೆ ಖಚಿತವಾಗಿವೆ. 2018ರ ಕೇಂದ್ರ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಹೆಚ್ಚುವರಿ ಸಮಯವನ್ನೂ, ಅಭ್ಯರ್ಥಿ ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್ ಸೌಲಭ್ಯವನ್ನೂ ಕೊಟ್ಟಿತು. ಮೀಸಲಾತಿಗೆ ಕಾಯ್ದೆ ಇಟ್ಟಿರುವ ಶೇ 40ರ ಮಿತಿಗಿಂತ ಕಡಿಮೆ ವೈಕಲ್ಯವಿದ್ದರೂ ಅಗತ್ಯವಿರುವವರಿಗೆ ಸ್ಕ್ರೈಬ್ ನಿರಾಕರಿಸುವಂತಿಲ್ಲವೆಂದು 2021ರಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಇಷ್ಟಿದ್ದೂ ಒಂದು ತೊಡಕು ಉಳಿದಿದೆ: ಅಭ್ಯರ್ಥಿ ತಾನೇ ಸ್ಕ್ರೈಬ್ ಕರೆತಂದರೆ ಅವರ ಓದು ಅಭ್ಯರ್ಥಿಯದಕ್ಕಿಂತ ಕೆಳಗಿನ ಮಟ್ಟದ್ದಾಗಿರಬೇಕು. ಪದವಿ ವಿದ್ಯಾರ್ಥಿ ಪಿಯು ಓದುವವರನ್ನು ಹುಡುಕಬೇಕು, ಅವರಿಗೆ ಆ ದಿನ ತರಗತಿ ಇರಬಾರದು, ಅವರ ಊರಿಗೆ ಬಸ್ಸು ಇರಬೇಕು, ಕೇಳದ ಪಾರಿಭಾಷಿಕ ಪದಗಳನ್ನು ತಪ್ಪಿಲ್ಲದೆ ಬರೆಯಲೂಬೇಕು.

ಇದರ ನಡುವೆ ಚೌಕಟ್ಟು ಬದಲಾಗುತ್ತಲೇ ಇದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಆ ವರ್ಷ ಒಂದೇ ಕಾಲೇಜಿನಲ್ಲಿ ಎರಡು ಪಠ್ಯಕ್ರಮಗಳು ನಡೆದವು. 2023ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿ ಹಾಸನ ವಿಶ್ವವಿದ್ಯಾಲಯವಾಯಿತು; ಎರಡು ವರ್ಷ ತುಂಬುವ ಮೊದಲೇ ಹೊಸ ವಿಶ್ವವಿದ್ಯಾಲಯಗಳು ಉಳಿಯಬೇಕೇ ಎಂಬ ಚರ್ಚೆ ಎದ್ದಿತು. ತರಗತಿಯಲ್ಲಿ ನಿಲ್ಲುವವರಲ್ಲಿ ಬಹುಪಾಲು ಅತಿಥಿ ಉಪನ್ಯಾಸಕರು. ಯಾವ ವಿದ್ಯಾರ್ಥಿಗೆ ಏನು ಬೇಕೆಂದು ಒಂದು ವರ್ಷದಲ್ಲಿ ಅರಿತುಕೊಂಡವರು ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಇರುತ್ತಾರೆಂಬ ಖಾತ್ರಿಯಿಲ್ಲ. ಅವರು ಹೋದ ಮೇಲೆ ಆ ವಿದ್ಯಾರ್ಥಿ ಹೊಸಬರ ಮುಂದೆ ಮೊದಲಿನಿಂದ ಎಲ್ಲವನ್ನೂ ಹೇಳಿಕೊಳ್ಳಬೇಕು: ಮುಂದಿನ ಬೆಂಚು ಬೇಕು, ಬರೆದದ್ದನ್ನು ಓದಿ ಹೇಳಬೇಕು, ನೋಟ್ಸ್ ಫೋಟೊ ಆಗಿರಬಾರದು.