ಬೆಣ್ಣೆಗೆ ಲಿಂಬೆ ಹಿಂಡಿದರೆ ಒಡೆಯುತ್ತದಾ?

"ಅಕ್ಕಾ, ಬೆಣ್ಣಿಗಿ ಲಿಂಬಿಹಣ್ಣು ಹಿಂಡಿದ್ರ ಒಡಿತದಲ್ರೀ?"

ಕೊತ್ತಂಬರಿ-ಲಿಂಬೆ ಬೆಣ್ಣೆ ಮಾಡುವುದನ್ನು ಹೇಳಿಕೊಟ್ಟಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕಲಬುರಗಿಯ ಕಣ್ಣಿ ಮಾರ್ಕೆಟ್‌ನಲ್ಲಿ ಸೊಪ್ಪು ಆರಿಸುವಾಗ ಕೇಳಿದ್ದಾರೆ. ಮದುವೆ ಊಟದಲ್ಲಿ ಎಲೆ ಮುಂದೆ ಕೂತಾಗಲೂ ಕೇಳಿದ್ದಾರೆ. ಇಲ್ಲ, ಒಡೆಯುವುದಿಲ್ಲ. ಈ ಸಲ ಬರೆದೇ ಇಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿಬಿಡುತ್ತೇನೆ.

ಒಡೆಯುವುದು ಹಾಲು. ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಇದೆ. ಹುಳಿ ಬಿದ್ದರೆ ಅದರ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಡ್ಡೆಯಾಗುತ್ತವೆ, ನೀರು ಬೇರೆ ಆಗುತ್ತದೆ. ಪನೀರ್ ಆಗುವುದೂ ಹೀಗೇ ಅಲ್ವಾ? ಬೆಣ್ಣೆಯಲ್ಲಿ ಆ ಪ್ರೋಟೀನ್ ಎಲ್ಲಿದೆ? ಅಂಗಡಿ ಬೆಣ್ಣೆಯಲ್ಲಿ ನೂರಕ್ಕೆ 80 ಪಾಲು ಕೊಬ್ಬು, 16ರ ಆಸುಪಾಸು ನೀರು. ಪ್ರೋಟೀನ್ ಒಂದು ಪಾಲೂ ಪೂರ್ತಿ ಇಲ್ಲ. ಒಡೆಯೋಕೆ ಅಲ್ಲಿ ಏನಾದರೂ ಇರಬೇಕಲ್ಲ.

ಇಷ್ಟು ಹೇಳಿದರೂ ತಲೆ ಅಲ್ಲಾಡಿಸಿ "ಆದ್ರೂ..." ಅನ್ನುವವರಿದ್ದಾರೆ. ಸರಿ, ನಮ್ಮ ಮನೆ ಬೆಣ್ಣೆ ಎಲ್ಲಿಂದ ಬಂತು ಹೇಳಿ. ವಾರವೆಲ್ಲ ಕೆನೆ ಕೂಡಿಟ್ಟು, ಹೆಪ್ಪು ಹಾಕಿ, ಹುಳಿ ಬಂದ ಮೇಲೆ ಕಡೆದು ತೆಗೆದದ್ದು. ಹುಳಿಗೆ ಗಟ್ಟಿಯಾಗುವ ಕೆಲಸ ಮೊಸರಾದಾಗಲೇ ಮುಗಿದಿದೆ. ಆ ಪ್ರೋಟೀನ್ ಬಹುಪಾಲು ಮಜ್ಜಿಗೆ ಜೊತೆ ಹೋಗಿದೆ. ಹುಳಿಯಲ್ಲೇ ಹುಟ್ಟಿ ಬಂದ ಬೆಣ್ಣೆ ಅರ್ಧ ಲಿಂಬೆಗೆ ಹೆದರುತ್ತದಾ?

"ಕಣ್ಣಾರೆ ಕಂಡೀನ್ರೀ" ಅಂತ ಪಕ್ಕದ ಮನೆಯವರು ಸ್ಟೀಲ್ ಡಬ್ಬಿಯನ್ನೇ ಹಿಡಿದುಕೊಂಡು ಬಂದರು. ಮುಚ್ಚಳ ತೆಗೆದರೆ ಬೆಣ್ಣೆ ಹರಳು ಹರಳಾಗಿದೆ, ಸುತ್ತ ನೀರು ನಿಂತಿದೆ. ನೋಡಿದರೆ ಒಡೆದಂತೆಯೇ ಕಾಣುತ್ತದೆ, ಸುಳ್ಳಲ್ಲ. ಆದರೆ ಅವರು ಮಾಡಿದ್ದೇನು? ಫ್ರಿಜ್‌ನಿಂದ ತೆಗೆದ ಕಲ್ಲಿನಂಥ ಬೆಣ್ಣೆಗೆ ಇಡೀ ಹಣ್ಣಿನ ರಸ ಒಂದೇ ಸಲ ಸುರಿದಿದ್ದಾರೆ. ರಸ ಅಂದರೆ ನೀರು. ನೀರಿಗೂ ಜಿಡ್ಡಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಬೆಣ್ಣೆ ಸ್ವಲ್ಪ ಮೆತ್ತಗಾಗಲಿ ಅಂತ ಬಿಟ್ಟು, ಮರದ ಸೌಟಿನ ಬೆನ್ನಿನಿಂದ ಐದು ನಿಮಿಷ ಒತ್ತಿ ಒತ್ತಿ ಕಲಸಿದೆ. ಅರ್ಧ ರಸ ಒಳಗೆ ಹೋಯ್ತು, ಹರಳೂ ಮಾಯ. ಉಳಿದ ರಸವನ್ನು ಬಸಿದು ಸುಸಲಾಕ್ಕೆ (ಮಂಡಕ್ಕಿ ಒಗ್ಗರಣೆಗೆ) ಹಾಕಿಕೊಂಡೆವು. ಅವರು ಆ ಬೆಣ್ಣೆಯನ್ನು ಬಿಸಾಡುವವರಿದ್ದರು!

ಈಗ ಮಾಡುವ ಬಗೆ. 100 ಗ್ರಾಂ ಬೆಣ್ಣೆ, ಬೆರಳು ಒತ್ತಿದರೆ ಇಳಿಯುವಷ್ಟು ಮೆತ್ತಗಿರಬೇಕು. ವಿಡಿಯೋಗಳಲ್ಲಿ ಅರ್ಧ ಗಂಟೆ ಹೊರಗಿಡಿ ಅನ್ನುತ್ತಾರೆ. ಅದು ಚಳಿ ದೇಶದವರ ಮಾತು. ನಮ್ಮಲ್ಲಿ ಮೇ ತಿಂಗಳ 42 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಬೆಣ್ಣೆ ಕರಗಿ ಎಣ್ಣೆಯಾಗಿರುತ್ತದೆ. ಹತ್ತು ನಿಮಿಷ ಸಾಕು. ಮನೆ ಬೆಣ್ಣೆಯಾದರೆ ತಣ್ಣೀರಲ್ಲಿ ಎರಡು-ಮೂರು ಸಲ ತೊಳೆದು, ಒತ್ತಿ ನೀರು ತೆಗೆಯಿರಿ.

ಲಿಂಬೆಯ ಘಮ ರಸದಲ್ಲಿ ಹುಡುಕಬೇಡಿ. ಅದು ಇರುವುದು ಸಿಪ್ಪೆಯ ಎಣ್ಣೆಯಲ್ಲಿ. ಸಿಪ್ಪೆಗೆ ಉಗುರು ತಾಗಿಸಿದರೆ ಚಿಮ್ಮುತ್ತದಲ್ಲ, ಅದೇ. ಎಣ್ಣೆಯಾದ್ದರಿಂದ ಬೆಣ್ಣೆ ಜೊತೆ ಜಗಳವಿಲ್ಲದೆ ಬೆರೆಯುತ್ತದೆ. ನಮಗೆ ಸಿಗುವುದು ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆ, ಜಿಐ ಟ್ಯಾಗ್ (ಆ ಊರಿನದೇ ಬೆಳೆ ಎಂಬ ಭೌಗೋಳಿಕ ಗುರುತು) ಪಡೆದ ಹಣ್ಣು. ಸಿಪ್ಪೆ ತೆಳ್ಳಗೆ, ಹಾಗಾಗಿ ಸಣ್ಣ ತುರಿಮಣೆಯಲ್ಲಿ ಕೈ ಹಗುರ ಮಾಡಿ ತುರಿಯಿರಿ. ಒಳಗಿನ ಬಿಳಿ ಬಂತೋ, ಕಹಿ ಬಂತು. ಎರಡು ಹಣ್ಣಿನ ಸಿಪ್ಪೆ ತುರಿ, ಎರಡು ದೊಡ್ಡ ಚಮಚ ಸಣ್ಣಗೆ ಹೆಚ್ಚಿದ ಕೊತ್ತಂಬರಿ, ನಾಲ್ಕೈದು ಪುದೀನ ಎಲೆ, ಚಿಟಿಕೆ ಉಪ್ಪು. ಸೊಪ್ಪನ್ನು ತೊಳೆದು ಬಟ್ಟೆ ಮೇಲೆ ಪೂರ್ತಿ ಆರಿಸಿರಬೇಕು. ಹಸಿ ಇದ್ದರೆ ಬೇಗ ಕೆಡುತ್ತದೆ. ಕೊನೆಗೆ ಒಂದೇ ಸಣ್ಣ ಚಮಚ ರಸ, ಸಲಕ್ಕೆ ನಾಲ್ಕೈದು ಹನಿಯಂತೆ ಹಾಕುತ್ತಾ ಕಲಸಿ.

ಬಟರ್ ಪೇಪರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಬರುತ್ತದೆ. ಹಸಿ ಬೆಳ್ಳುಳ್ಳಿ ಹಾಕಿದ್ದರೆ ಮೂರು ದಿನದಲ್ಲಿ ಖಾಲಿ ಮಾಡಿ, ಹೊರಗಂತೂ ಇಡಲೇಬೇಡಿ. ಜಿಡ್ಡಿನೊಳಗೆ ಗಾಳಿಯಾಡದೆ ಕೂತ ಹಸಿ ಬೆಳ್ಳುಳ್ಳಿಯಲ್ಲಿ ಅಪಾಯದ ವಿಷ ಹುಟ್ಟಬಹುದು. ಒಲೆ ಮೇಲೆ ಕಾಯಿಸಲೂ ಬೇಡಿ, ಸೊಪ್ಪು ಕಪ್ಪಾಗುತ್ತದೆ. ಹೆಂಚಿನಿಂದ ಇಳಿದ ಜೋಳದ ರೊಟ್ಟಿ ಮೇಲೆ ಒಂದು ಬಿಲ್ಲೆ ಇಡಿ, ಸಾಕು.

ಇನ್ನೊಂದು ವಿಷಯ. ಬಾಯಿಬಿಟ್ಟು ಯಾರೂ ಕೇಳಲಿಲ್ಲ, ಆದರೆ ಹಲವರ ಮುಖದಲ್ಲಿ ಕಂಡಿದ್ದೇನೆ. ವಿಡಿಯೋದಲ್ಲಿ ಹಳದಿ ಬೆಣ್ಣೆ, ನಮ್ಮದೇಕೆ ಬಿಳಿ? ಏಕೆಂದರೆ ನಮ್ಮದು ಎಮ್ಮೆಯದು. ಹಸಿರು ಮೇವಿನಲ್ಲಿರುವ ಕ್ಯಾರೊಟಿನ್ ಎಂಬ ಹಳದಿಯನ್ನು ಹಸು ಸ್ವಲ್ಪ ಹಾಗೇ ಹಾಲಿನ ಕೊಬ್ಬಿಗೆ ಬಿಡುತ್ತದೆ. ಎಮ್ಮೆ ಅದನ್ನು ಬಣ್ಣವಿಲ್ಲದ ವಿಟಮಿನ್ ಎ ಮಾಡಿ ಕೊಡುತ್ತದೆ. ಕೆಲವು ಪ್ಯಾಕೆಟ್ ಬೆಣ್ಣೆಗೆ ಅನಾಟೊ ಬೀಜದ ಬಣ್ಣ ಸೇರಿಸಿರುತ್ತಾರೆ, ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ ನೋಡಿ. ಬಿಳಿ ಇದ್ದರೇ ಸೊಪ್ಪಿನ ಹಸಿರು ಚೆಂದ ಕಾಣುತ್ತದೆ. ಒಬ್ಬರು ಸುಮ್ನಿರದೆ ಅರಿಶಿನ ಹಾಕಿದ್ದರು. ಹಳದಿಯೇನೋ ಆಯ್ತು, ಬಾಯಿಗಿಟ್ಟರೆ ಒಗ್ಗರಣೆ ಮರೆತ ತೊಗರಿಬೇಳೆ.